ಅನುಮಾನ ಹುಟ್ಟಿಸುವ ಸುದ್ದಿ ವಿಶ್ಲೇಷಣೆ: ಕಣ್ಣು ತೆರೆಸುತ್ತೋ, ಪಿತೂರಿ ಹುಡುಕೋ ಚಟ ಹತ್ತಿಸುತ್ತೋ?

ಥಾಣೆ ಸ್ಲೋ ಲೋಕಲ್:
"ಸರ್ಕಾರ ಹೇಳಿದ್ದನ್ನ ಹಾಗೇ ನುಂಗಬೇಡಿ" ಅನ್ನೋ ಧಾಟಿಯ ರಾತ್ರಿ ಒಂಬತ್ತರ ವಿಶ್ಲೇಷಣೆಗಳ ಬಗ್ಗೆ ಕೇಳ್ತಿದ್ದೀನಿ. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಇವೆ, ಯೂಟ್ಯೂಬಲ್ಲಂತೂ ಲೆಕ್ಕ ಇಲ್ಲ. ಇವು ಜನಕ್ಕೆ ಪ್ರಶ್ನೆ ಕೇಳೋದನ್ನ ಕಲಿಸ್ತವೆ ಅಂತ ಒಂದು ಕಡೆಯವರು. ಪ್ರಶ್ನೆ ಕೇಳಿಸಿ ಕೇಳಿಸಿ ಕೊನೆಗೆ ಎಲ್ಲದರ ಹಿಂದೂ ಕಾಣದ ಕೈ ಹುಡುಕೋ ಹಾಗೆ ಮಾಡ್ತವೆ ಅಂತ ಇನ್ನೊಂದು ಕಡೆಯವರು. ನಮ್ಮ ಸಂಘದ ಭಾನುವಾರದ ಚರ್ಚೆಗೆ ಇದೇ ವಿಷಯ. ಬರೀ ಅಭಿಪ್ರಾಯ ಬೇಡ, ಅದು ನಮ್ಮಲ್ಲೇ ಬೇಕಾದಷ್ಟಿದೆ. ಒಂದು ಕಂತನ್ನ ಮುಂದಿಟ್ಕೊಂಡು ಅಳೆಯೋ ದಾರಿ ಇದ್ರೆ ಹೇಳಿ.

ಮಾಟುಂಗಾ ಡಿಗ್ರಿ ಕಾಫಿ:
ಎರಡೂ ಹೌದು ಮಾರಾಯ್ರೆ. ಅಮೆರಿಕದಲ್ಲಿ ಇದಕ್ಕೆ ಹತ್ತಿರದ ಒಂದು ವಿಷಯವನ್ನು ಅಳೆದು ನೋಡಿದ್ದಾರೆ. ಬಾಮ್‌ಗಾರ್ಟ್ನರ್ ಮತ್ತು ಮಾರಿಸ್ ಅಂತ ಇಬ್ಬರು ಕಾಲೇಜು ಹುಡುಗರಿಗೆ "ದಿ ಡೇಲಿ ಶೋ" ಎಂಬ ಸುದ್ದಿ ವಿಡಂಬನೆ ಟೀವಿ ಕಾರ್ಯಕ್ರಮದ ತುಣುಕು ತೋರಿಸಿ ಪ್ರಯೋಗ ಮಾಡಿದ್ರು, 2006ರಲ್ಲಿ ಪ್ರಕಟವಾಯಿತು. ನೋಡಿದವರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಎದುರುಬದುರು ನಿಂತಿದ್ದ ಬುಷ್ ಮೇಲಿನ ಅಭಿಪ್ರಾಯವೂ ಇಳಿಯಿತು, ಕೆರಿ ಮೇಲಿನದ್ದೂ ಇಳಿಯಿತು. ಚುನಾವಣೆ ಮತ್ತು ಸುದ್ದಿ ಮಾಧ್ಯಮದ ಮೇಲಿನ ನಂಬಿಕೆಯೂ ಇಳಿಯಿತು. ಏರಿದ್ದು ಒಂದೇ: "ರಾಜಕೀಯ ನನಗೆ ಅರ್ಥ ಆಗ್ತದೆ" ಎಂಬ ಧೈರ್ಯ. ಅರ್ಥ ಆಗುವುದು ಜಾಸ್ತಿಯಾಯಿತು ಅಂತಲ್ಲ, ಅರ್ಥ ಆಗ್ತದೆ ಎಂಬ ಅನಿಸಿಕೆ ಜಾಸ್ತಿಯಾಯಿತು. ಪಿತೂರಿ ನಂಬಿಕೆಯನ್ನು ಅವರು ಅಳೆಯಲಿಲ್ಲ, ಹಾಗಾಗಿ ಇಲ್ಲಿಂದ ಅಲ್ಲಿಗೆ ಜಿಗಿಯಬೇಡಿ. ಆದ್ರೆ ಯಾರನ್ನೂ ನಂಬದವನು ತನ್ನ ಬುದ್ಧಿಯನ್ನು ಮಾತ್ರ ಪೂರ್ತಿ ನಂಬಲಿಕ್ಕೆ ಶುರುಮಾಡಿದ್ರೆ ಯಾವ ದಾರಿ ಹಿಡಿಯಬಹುದು ಅಂತ ಊಹಿಸುವುದು ಕಷ್ಟವಲ್ಲ.

ಇನ್ನೊಂದು ಇದಕ್ಕಿಂತ ಉಪಯೋಗಿ. ಸುಳ್ಳು ಸುದ್ದಿ ಗುರುತಿಸಲು ಕಲಿಸುವ "ಬ್ಯಾಡ್ ನ್ಯೂಸ್" ಥರದ ಕಂಪ್ಯೂಟರ್ ಆಟಗಳು ಉಂಟಲ್ಲ, ಅವುಗಳ ಮೇಲೆ ಆಗಿದ್ದ ಪ್ರಯೋಗಗಳ ಅಂಕಿಅಂಶವನ್ನು 2023ರಲ್ಲಿ ಮೊದಿರುಸ್ತಾ-ಗಲಿಯನ್ ಮತ್ತು ಹೈಯಮ್ ಮತ್ತೆ ಬಿಡಿಸಿ ನೋಡಿದ್ರು. ಆಡಿದವರು ಸುಳ್ಳನ್ನು ಜಾಸ್ತಿ ತಿರಸ್ಕರಿಸಿದ್ದು ನಿಜ. ನಿಜವಾದ ಸುದ್ದಿಯನ್ನೂ ಜಾಸ್ತಿ ತಿರಸ್ಕರಿಸಿದ್ದರು. ಎರಡನ್ನೂ ಬೇರ್ಪಡಿಸುವ ಶಕ್ತಿ ಹೆಚ್ಚಿರಲಿಲ್ಲ. ಮೊರ ಹಿಡಿದು ಕಲ್ಲು ಆರಿಸುವುದು ಒಂದು ಕೆಲಸ, ಕಲ್ಲು ಉಂಟು ಅಂತ ಅಕ್ಕಿಯನ್ನೇ ಚೆಲ್ಲುವುದು ಇನ್ನೊಂದು. ನಿಮ್ಮ ಕಾರ್ಯಕ್ರಮ ಯಾವುದನ್ನು ಕಲಿಸ್ತದೆ ಅಂತ ನೋಡಬೇಕಾದ್ರೆ ಅದು ಸುಳ್ಳನ್ನು ಎಷ್ಟು ಬಯಲು ಮಾಡಿತು ಅಂತ ಎಣಿಸಿದ್ರೆ ಸಾಲದು. "ಇದನ್ನು ನಾವೂ ಪರೀಕ್ಷೆ ಮಾಡಿದೆವು, ಅಧಿಕೃತ ಮಾತು ಸರಿ ಉಂಟು" ಅಂತ ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಹೇಳಿತು ಅಂತಲೂ ಎಣಿಸಿ. ಒಂದು ಸಲವೂ ಇಲ್ಲದಿದ್ರೆ ಅದು ಮೊರ ಅಲ್ಲ.

ಪುಣೆ ಪೇಟೆ ಕಟ್ಟೆ:
ಸಂಶಯ ಪಡೋದನ್ನ ರೋಗ ಮಾಡಬ್ಯಾಡ್ರಿ. ನಮ್ಮ ಈ ಭಾಗದಾಗ ನಡೆದ ಪಿತೂರಿ ಏನು ಕಮ್ಮಿ ಏನ್ರಿ? ಖಾನಾಪುರದ ತೆಲಗಿ ನಕಲಿ ಛಾಪಾ ಕಾಗದ ಮಾರಿದ್ದು, ಅದರಾಗ ಪೊಲೀಸರೇ ಆರೋಪಿಗಳಾಗಿದ್ದು, ಮೊದಲ ದಿನ ಯಾರರ ಟೀವಿಯೊಳಗ ಹೇಳಿದ್ರ "ತಲಿ ಕೆಟ್ಟೈತಿ" ಅಂತಿದ್ರು. ಶೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣನೂ ಹಂಗ. 1992ರ ಏಪ್ರಿಲ್ 23ಕ್ಕ ಸುಚೇತಾ ದಲಾಲ್ ಮುಂಬಯಿಯೊಳಗ ಸುದ್ದಿ ಬರೆದಾಗ ಮಾರ್ಕೆಟ್ಟಿನ ಮಂದಿ ಅವನನ್ನ ತಲಿ ಮ್ಯಾಲ ಹೊತ್ತಿದ್ರು.

ಈಗ ವ್ಯತ್ಯಾಸ ನೋಡ್ರಿ. ಆ ವರದಿಯೊಳಗ ಇದ್ದದ್ದು ಏನು? ಸ್ಟೇಟ್ ಬ್ಯಾಂಕಿನ ಲೆಕ್ಕದಾಗ ಸುಮಾರು 500 ಕೋಟಿ ತಾಳೆ ಆಗವಲ್ದು ಅನ್ನೋದು. ಆಮ್ಯಾಲ ಒಂದೊಂದ ಎಳಿ ಬಿಚ್ಚಿತು. ಒಂದು ಬ್ಯಾಂಕು ಇನ್ನೊಂದಕ್ಕ ಸರ್ಕಾರಿ ಸಾಲಪತ್ರ ಮಾರಿದಾಗ ಪತ್ರದ ಬದಲಿ "ಬ್ಯಾಂಕ್ ರಸೀದಿ" ಅಂತ ಒಂದು ಚೀಟಿ ಕೊಡ್ತಿತ್ತು, ಪತ್ರ ಆಮ್ಯಾಲ ಕೊಡ್ತೀನಿ ಅಂತ ಅದರ ಅರ್ಥ. ಬ್ಯಾಂಕ್ ಆಫ್ ಕರಾಡದಂಥ ಸಣ್ಣ ಬ್ಯಾಂಕು ಕೈಯಾಗ ಪತ್ರನ ಇಲ್ಲದ ಇಂಥ ಚೀಟಿ ಬರಕೊಟ್ಟವು. ಚೀಟಿ ಮ್ಯಾಲ ರೊಕ್ಕ ಬಂತು, ರೊಕ್ಕ ಮೆಹ್ತಾನಂಥ ದಲ್ಲಾಳಿ ಖಾತೆಗೆ ಹೋತು, ಅಲ್ಲಿಂದ ಶೇರಿಗೆ ಹೋತು. ತನಿಖೆಗೆ ರಿಸರ್ವ್ ಬ್ಯಾಂಕು ಹಾಕಿದ್ದ ಜಾನಕಿರಾಮನ್ ಸಮಿತಿ 4,000 ಕೋಟಿ ಮ್ಯಾಲಿನ ಲೆಕ್ಕ ಕೊಟ್ಟಿತು. ಎಲ್ಲಾ ಕಡೆ ಚೀಟಿ ಐತಿ, ಮೊತ್ತ ಐತಿ, ಸಹಿ ಐತಿ. ತಪ್ಪಾಗಿದ್ರ ಒಂದ ದಿನದಾಗ ತಪ್ಪು ಅಂತ ತೋರಿಸಬಹುದಿತ್ತು. ಖರೇ ಪಿತೂರಿ ಹಿಡಿಯೋರು ಹಿಂಗ ಮಾತಾಡ್ತಾರ. "ದೊಡ್ಡವರು ಇದರ ಹಿಂದ ಅದಾರ, ಹೆಸರು ಹೇಳೂದಿಲ್ಲ, ನಿಮಗ ಗೊತ್ತೈತಿ" ಅನ್ನೋದು ಅಡ್ಡಗೋಡಿ ಮ್ಯಾಲ ದೀಪ ಇಟ್ಟಂಗ. ಅದಕ್ಕ ಯಾರು ಏನಂತ ಉತ್ತರ ಕೊಡಬೇಕು?

ಥಾಣೆ ಸ್ಲೋ ಲೋಕಲ್:
ಇದು ಹಿಡಿಸ್ತು: ತಪ್ಪಾಗಿದ್ರೆ ತಪ್ಪು ಅಂತ ತೋರಿಸೋಕೆ ಆಗಬೇಕು. ಆದರೆ ನಿಜವಾಗ್ಲೂ ತೀರ್ಮಾನ ಆಗದ ವಿಷಯ ಇರುತ್ತಲ್ಲ? ಇಲಾಖೆಗಳೇ ಒಂದಕ್ಕೊಂದು ಒಪ್ಪದೇ ಇದ್ದಾಗ ಕಾರ್ಯಕ್ರಮದವರು ಏನು ಮಾಡ್ಬೇಕು?

ಕೆವಿ 400:
ಮುಂಬಯಿಯವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ: 2020ರ ಅಕ್ಟೋಬರ್ 12, ಸೋಮವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಇಡೀ ನಗರ ಕತ್ತಲು, ಲೋಕಲ್ ನಿಂತಲ್ಲೇ ನಿಂತವು.

ಮೊದಲು ಯಂತ್ರದ ಭಾಗ. ನಗರಕ್ಕೆ ಬೇಕಾದ ವಿದ್ಯುತ್ತಿನ ದೊಡ್ಡ ಪಾಲು ಹೊರಗಿಂದ ಬರುತ್ತದೆ. ಪಡಘಾ–ಕಲ್ವಾ 400 ಕೆವಿ ಮಾರ್ಗದ ಒಂದು ಸರ್ಕ್ಯೂಟ್ ದುರಸ್ತಿಗೆ ಅಂತ ನಿಲ್ಲಿಸಿ ಹೊರೆಯನ್ನು ಎರಡನೆಯದಕ್ಕೆ ಹಾಕಿದ್ದರು, ಎರಡನೆಯದೂ ತೊಂದರೆ ಕೊಟ್ಟಿತು ಅಂತ ರಾಜ್ಯದ ಇಂಧನ ಸಚಿವರು ಅವತ್ತೇ ಹೇಳಿದರು. ಇಂಥ ಹೊತ್ತಿಗೆ ಅಂತಲೇ ನಗರವನ್ನು ಗ್ರಿಡ್ಡಿನಿಂದ ಕತ್ತರಿಸಿ ದ್ವೀಪದ ಹಾಗೆ ಉಳಿಸುವ ಐಲ್ಯಾಂಡಿಂಗ್ ವ್ಯವಸ್ಥೆ ಇದೆ. ಟ್ರಾಂಬೆ, ಡಹಾಣು (250 ಮೆಗಾವಾಟಿನ ಎರಡು ಘಟಕ) ವಿದ್ಯುತ್ ಸ್ಥಾವರಗಳಿಂದ ಬರುವಷ್ಟಕ್ಕೆ ಬೇಡಿಕೆಯನ್ನು ಸೆಕೆಂಡುಗಳಲ್ಲಿ ಇಳಿಸಬೇಕು. ಇಳಿಸಲು ತಡವಾದರೆ 50 ಹರ್ಟ್ಸ್ ಇರಬೇಕಾದ ಫ್ರೀಕ್ವೆನ್ಸಿ ಕುಸಿಯುತ್ತದೆ. ಕುಸಿದರೆ ಜನರೇಟರುಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ಟ್ರಿಪ್ ಆಗಿ ನಿಲ್ಲುತ್ತವೆ, ದ್ವೀಪವೂ ಮುಳುಗುತ್ತದೆ. ಅವತ್ತು ಆಗಿದ್ದು ಇದೇ. ಇಷ್ಟು ವಿವರಣೆಗೆ ಯಾರ ಕೈವಾಡವೂ ಬೇಕಿಲ್ಲ. ಕೈವಾಡ ಇರಲೇ ಇಲ್ಲ ಅಂತಲೂ ಇದರಿಂದ ಸಾಬೀತಾಗುವುದಿಲ್ಲ.

ಮುಂದಿನದು ಕಾಗದಗಳ ಭಾಗ. 2021ರ ಫೆಬ್ರವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್, ರೆಕಾರ್ಡೆಡ್ ಫ್ಯೂಚರ್ ಎಂಬ ಸೈಬರ್ ಕಂಪನಿಯ ವರದಿ ಇಟ್ಟುಕೊಂಡು, ಚೀನಾ ಮೂಲದ ಗುಂಪೊಂದು ಭಾರತದ ವಿದ್ಯುತ್ ಜಾಲದೊಳಗೆ ನುಸುಳಿತ್ತು ಎಂದು ಬರೆಯಿತು. ಮಾರ್ಚ್ 1ಕ್ಕೆ ರಾಜ್ಯದ ಗೃಹ ಸಚಿವರು 14 ಟ್ರೋಜನ್ (ಕಳ್ಳದಾರಿಯಲ್ಲಿ ಒಳನುಗ್ಗುವ ಮಾಲ್‌ವೇರ್, ಅಂದರೆ ಕೇಡಿನ ತಂತ್ರಾಂಶ), ಲೆಕ್ಕಕ್ಕೆ ಸಿಗದ 8 ಜಿಬಿ ಡೇಟಾ ಅಂದರು. ಮರುದಿನವೇ ಕೇಂದ್ರ ವಿದ್ಯುತ್ ಸಚಿವರು, ಕತ್ತಲಾಗಿದ್ದು ಮನುಷ್ಯರ ತಪ್ಪಿನಿಂದ, ಸೈಬರ್ ದಾಳಿಗೆ ಸಾಕ್ಷ್ಯವಿಲ್ಲ ಅಂದರು. ರೆಕಾರ್ಡೆಡ್ ಫ್ಯೂಚರ್ ವರದಿಯಲ್ಲೇ, ಮುಂಬಯಿಯ ಕತ್ತಲಿಗೂ ಮಾಲ್‌ವೇರಿಗೂ ಇದೆ ಎನ್ನಲಾದ ಸಂಬಂಧಕ್ಕೆ ಆಧಾರ ಸಿಕ್ಕಿಲ್ಲ ಅಂತಿದೆ.

ಇದನ್ನು ವಿಶ್ಲೇಷಣೆಕಾರ ಜೋಡಿಸುವ ಎರಡು ಬಗೆ ನೋಡಿ. ಒಂದನೆಯವನು: ನುಸುಳಿದ್ದರು, ನಿಜ. ಕತ್ತಲಾಯಿತು, ನಿಜ. ಟ್ರೋಜನ್ ಇತ್ತು ಅಂತ ಸಚಿವರೇ ಅಂದರು, ನಿಜ. "ಹಾಗಾದರೆ ಮುಚ್ಚಿಡುತ್ತಿರುವವರು ಯಾರು?" ಮೂರು ನಿಜ ಇಟ್ಟಿಗೆಯ ಮೇಲೆ ನಾಲ್ಕನೆಯದನ್ನು ಗಾರೆ ಇಲ್ಲದೆ ಕೂರಿಸಿದ. ಎರಡನೆಯವನು: ನುಸುಳಿದ್ದಕ್ಕೆ ಒಂದು ಆಧಾರ, ಕತ್ತಲಿಗೆ ಇನ್ನೊಂದು ಕಾರಣ, ಎರಡನ್ನೂ ಜೋಡಿಸುವ ಕೊಂಡಿ ರಿಲೇ (ದೋಷ ಕಂಡರೆ ತಾನಾಗಿ ಮಾರ್ಗ ಕತ್ತರಿಸುವ ಸಾಧನ) ಮತ್ತು ನಿಯಂತ್ರಣ ಕೇಂದ್ರದ ಲಾಗ್‌ನಲ್ಲಿರಬೇಕು. ಯಾವ ಬ್ರೇಕರ್ ಯಾವ ಸೆಕೆಂಡಿಗೆ ತೆರೆಯಿತು, ಆಜ್ಞೆ ರಿಲೇಯಿಂದ ಬಂತೋ ಕೀಬೋರ್ಡಿನಿಂದ ಬಂತೋ ಅನ್ನೋದು ಅಲ್ಲಿ ದಾಖಲಾಗುತ್ತದೆ. ಆ ದಾಖಲೆ ಹೊರಗೆ ಬರುವ ತನಕ ಸಂಬಂಧ ಇದೆ ಅನ್ನಲಾಗದು. ಇಬ್ಬರೂ ಅನುಮಾನಿಗಳೇ. ಎರಡನೆಯವನ ಅನುಮಾನಕ್ಕೆ ಮಾತ್ರ ಒಂದು ವಿಳಾಸ ಇದೆ.

ಮಾಟುಂಗಾ ಡಿಗ್ರಿ ಕಾಫಿ:
ವಿಳಾಸ ಇರುವ ಅನುಮಾನ, ವಿಳಾಸ ಇಲ್ಲದ ಅನುಮಾನ. ಥಾಣೆಯವರೇ, ಅಳತೆಗೋಲು ಇಲ್ಲೇ ಉಂಟು. ಪ್ರತಿ ಪ್ರಶ್ನೆಯ ಮುಂದೆ "ಯಾವ ಕಾಗದ ಸಿಕ್ಕಿದ್ರೆ ಇದು ಮುಗೀತದೆ?" ಅಂತ ಬರೆಯಿರಿ. ಉತ್ತರ ಬರೆಯಲಿಕ್ಕೆ ಆಗದ ಪ್ರಶ್ನೆ ಪ್ರಶ್ನೆಯೇ ಅಲ್ಲ. ಇನ್ನೊಂದು ಮಾತು: ಪಿತೂರಿ ತಲೆಯಲ್ಲಿ ವಿರೋಧಾಭಾಸಕ್ಕೂ ಜಾಗ ಉಂಟು. 2012ರ ಕೆಂಟ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಬಗ್ಗೆ "ಸತ್ತ ಹಾಗೆ ನಾಟಕ ಆಡಿದಳು" ಅಂತ ಒಪ್ಪಿದವರೇ "ಕೊಲೆ ಮಾಡಿದ್ರು" ಅಂತಲೂ ಹೆಚ್ಚು ಒಪ್ಪಿದ್ದರು.

ವಾಸ್ಕೋ ಬಂದರು:
ಈ ಡಯಾನಾ ಮಾತನ್ನ ಭಾನುವಾರ ಹೇಳಬೇಡಿ, ಅದಕ್ಕೆ ತಿದ್ದುಪಡಿ ಆಗಿದೆ. 2023ರಲ್ಲಿ ವ್ಯಾನ್ ಪ್ರೊಯೆನ್ ಮತ್ತು ಜೊತೆಯವರು ತೋರಿಸಿದ್ದು ಏನಂದ್ರೆ, ಆ ಹೊಂದಾಣಿಕೆ ಬಂದಿದ್ದು ಮುಖ್ಯವಾಗಿ ಎರಡನ್ನೂ ಒಪ್ಪದವರಿಂದ. ನೂರು ಜನರಲ್ಲಿ ಎಂಬತ್ತು ಜನ ಎರಡಕ್ಕೂ "ಇಲ್ಲ" ಅಂದ್ರೆ ಅಂಕಿಗಳಲ್ಲಿ ಎರಡೂ ಒಟ್ಟಿಗೆ ನಡೆದ ಹಾಗೆ ಕಾಣುತ್ತೆ. ಸತ್ತಿದ್ದಾಳೆ, ಬದುಕಿದ್ದಾಳೆ ಎರಡನ್ನೂ ಒಟ್ಟಿಗೆ ನಂಬೋರು ಇದ್ದಾರೆ ಅಂತ ಅದರಿಂದ ಹೊರಡಲ್ಲ. ಪಿತೂರಿ ನಂಬೋರು ಪೆದ್ದರು ಅಂತ ನಮಗೆ ಕೇಳೋಕೆ ಖುಷಿ, ಅದಕ್ಕೇ ಈ ಮಾತು ಹತ್ತು ವರ್ಷ ಓಡಿತು.

ಮಾಟುಂಗಾ ಡಿಗ್ರಿ ಕಾಫಿ:
ಒಪ್ಪಿದೆ. ಹಿಂದೆ ತೆಗೆದುಕೊಂಡೆ.

ವಾಸ್ಕೋ ಬಂದರು:
ನನ್ನ ತಕರಾರು ಅಂಕಿ ಉಪಯೋಗಿಸೋ ರೀತಿ ಬಗ್ಗೆ. 2ಜಿ ತರಂಗಾಂತರ ಹಂಚಿಕೆ ಹಗರಣ ನೆನಪು ಮಾಡ್ಕೊಳ್ಳಿ. ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ 2010ರ ವರದಿಯಲ್ಲಿ ನಷ್ಟದ ಅಂದಾಜು ಒಂದಲ್ಲ, ಹಲವು. ಲೆಕ್ಕ ಹಾಕೋ ವಿಧಾನ ಬದಲಾದ ಹಾಗೆ 57,666 ಕೋಟಿಯಿಂದ 1,76,645 ಕೋಟಿವರೆಗೆ ಹೋಗುತ್ತೆ. ಸಿಬಿಐ ಹೇಳಿದ್ದು 30,984 ಕೋಟಿ. ಸಿಎಜಿಯ ಶಬ್ದವೇ "ಊಹಾತ್ಮಕ ನಷ್ಟ", ಅಂದ್ರೆ ಬೇರೆ ಬೆಲೆಗೆ ಮಾರಿದ್ರೆ ಬರಬಹುದಾಗಿದ್ದ ಹಣ. ಸ್ಟುಡಿಯೋದಲ್ಲಿ ಉಳಿದಿದ್ದು ದೊಡ್ಡ ಅಂಕಿ ಒಂದೇ, ಅದೂ "ನುಂಗಿದ ಹಣ" ಅಂತ. 2012ರ ಫೆಬ್ರವರಿ 2ಕ್ಕೆ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. 2017ರ ಡಿಸೆಂಬರ್ 21ಕ್ಕೆ ವಿಶೇಷ ನ್ಯಾಯಾಲಯ ಆರೋಪಿಗಳನ್ನ ಖುಲಾಸೆ ಮಾಡಿತು. ಹಂಚಿಕೆ ತಪ್ಪಾಗಿತ್ತು, ಕ್ರಿಮಿನಲ್ ಆರೋಪ ಸಾಬೀತಾಗಲಿಲ್ಲ, ಎರಡೂ ಒಟ್ಟಿಗೆ ನಿಲ್ಲೋ ಮಾತು. ಆದ್ರೆ ಏಳು ವರ್ಷ "ನುಂಗಿದರು" ಅಂತ ಕೇಳಿದವನಿಗೆ ಖುಲಾಸೆ ಹೇಗೆ ಕಾಣುತ್ತೆ? "ಕೋರ್ಟನ್ನೂ ಕೊಂಡ್ಕೊಂಡ್ರು" ಅಂತ. ಆ ಪಿತೂರಿ ನಂಬಿಕೆ ಹುಟ್ಟಿದ್ದು ತೀರ್ಪಿನ ದಿನ ಅಲ್ಲ. ಅಂಕಿಯ ಪಕ್ಕದಿಂದ "ಊಹಾತ್ಮಕ" ಅನ್ನೋ ಶಬ್ದ ಬಿದ್ದುಹೋದ ದಿನವೇ.

ನಮ್ಮ ಕಡೆಗೆ ಬಂದ್ರೆ ಮಹದಾಯಿ ನದಿ ನೀರಿನ ಜಗಳ. ನ್ಯಾಯಮಂಡಳಿಯ 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ. ಅದರಲ್ಲಿ 8.02 ವಿದ್ಯುತ್ತಿಗೆ, ಅದು ಬಳಸಿ ಖಾಲಿಯಾಗೋ ನೀರಲ್ಲ. ಕಳಸಾಕ್ಕೆ 1.72, ಬಂಡೂರಿಗೆ 2.18, ಕಣಿವೆಯ ಒಳಗಿನ ಬಳಕೆಗೆ 1.5. ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33. ಮಲಪ್ರಭೆ ಕಡೆಗೆ ಹೊರಳೋದು 3.9. ಪಣಜಿಯಲ್ಲಿ ಕೂತು 13.42 ಅಂತ ಮಾತ್ರ ಹೇಳಿದ್ರೆ "ನದಿಯನ್ನೇ ಕದ್ದರು". ಹುಬ್ಬಳ್ಳಿಯಲ್ಲಿ ಕೂತು 3.9 ಅಂತ ಮಾತ್ರ ಹೇಳಿದ್ರೆ "ಇಷ್ಟಕ್ಕೂ ಅಡ್ಡಗಾಲು, ಹಿಂದೆ ಯಾರದೋ ಕೈ". ಎರಡೂ ಅಂಕಿ ಸರಿ. ವಾಸ್ಕೋದಲ್ಲಿ ದುಡಿಯೋ ಗದಗಿನವನಿಗೆ ಎರಡೂ ಕಡೆಯ ಚಾನೆಲ್ ಸಿಗುತ್ತೆ, ಒಂದೇ ಪುಟದ ಹಂಚಿಕೆ ಪಟ್ಟಿ ಮಾತ್ರ ಯಾರೂ ತೋರಿಸಲ್ಲ.

ಪುಣೆ ಪೇಟೆ ಕಟ್ಟೆ:
ಹಂಗಾದ್ರ ಅಧಿಕೃತ ಸುದ್ದಿ ಓದೋರು ಏನು ಸಾಚಾ ಏನ್ರಿ? 2016ರಾಗ 2000ದ ನೋಟಿನೊಳಗ ನ್ಯಾನೊ ಜಿಪಿಎಸ್ ಚಿಪ್ ಐತಿ, 120 ಮೀಟರ್ ನೆಲದ ಕೆಳಗ ಹೂತರೂ ಉಪಗ್ರಹ ಹುಡುಕತೈತಿ ಅಂತ ಹೇಳಿದವರು ಸಂಶಯದ ಕಾರ್ಯಕ್ರಮದವರಲ್ಲ, ಸರ್ಕಾರ ಹೊಗಳೋ ಕಾರ್ಯಕ್ರಮದವರು. ಎತ್ತು ಈಯಿತು ಅಂದ್ರ ಕೊಟ್ಟಿಗಿಗೆ ಕಟ್ಟು ಅಂದ್ರು. ಆಗ ಒಬ್ಬ ಸಂಶಯದವ ಇದ್ದಿದ್ರ ಚಲೋ ಇತ್ತು.

ಕೆವಿ 400:
ಸರಿಯಾದ ಮಾತು. ಅದನ್ನು ಒಡೆಯಲು ಎರಡು ನಿಮಿಷ ಸಾಕಿತ್ತು. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ, ಅದು ಕಳಿಸುತ್ತದೆ, ಕೆಳಗಿನ ಸಾಧನ ಬರೀ ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡು ತಾನಿರುವ ಜಾಗ ಲೆಕ್ಕ ಹಾಕಿ ಇನ್ನೊಬ್ಬರಿಗೆ ತಿಳಿಸಬೇಕಾದರೆ ಟ್ರಾನ್ಸ್‌ಮಿಟರ್ ಬೇಕು, ಆಂಟೆನಾ ಬೇಕು, ಬ್ಯಾಟರಿ ಬೇಕು. 66 ಗುಣಿಸು 166 ಮಿ.ಮೀ. ಕಾಗದದಲ್ಲಿ ಬ್ಯಾಟರಿ ಎಲ್ಲಿ? ಬ್ಯಾಟರಿ ಇಲ್ಲದ ಚಿಪ್ಪುಗಳಿವೆ, ಹತ್ತಿರ ತಂದ ರೀಡರಿನ ಅಲೆಯಿಂದಲೇ ಕೆಲಸ ಮಾಡುತ್ತವೆ, ಅವುಗಳ ವ್ಯಾಪ್ತಿ ಕೆಲವೇ ಮೀಟರು. ಮಣ್ಣಿನಡಿ ಅದೂ ಇಲ್ಲ. ಇಲ್ಲಿ ನೋಡಿ, ಅನುಮಾನ ಪಟ್ಟ ಮೇಲೆ ಮುಂದಿನ ಹೆಜ್ಜೆ "ಬ್ಯಾಟರಿ ಎಲ್ಲಿ" ಅಂತ ಕೇಳೋದು. "ನೋಟಿನ ಹಿಂದೆ ಯಾರಿದ್ದಾರೆ" ಅಂತ ಕೇಳಿದವನು ದಾರಿ ತಪ್ಪಿದ.

ಕೋರ್ಟ್ ಫೀ ಸ್ಟ್ಯಾಂಪ್:
ಇಂಥ ಕಾರ್ಯಕ್ರಮಗಳ ಶೀರ್ಷಿಕೆಯಲ್ಲಿರೋ ಪ್ರಶ್ನಾರ್ಥಕ ಚಿಹ್ನೆ ಬಗ್ಗೆ ಎರಡು ಮಾತು. "ನಾನು ಬರೀ ಪ್ರಶ್ನೆ ಕೇಳಿದೆ" ಅನ್ನೋದು ಮಾನನಷ್ಟದಿಂದ ತಪ್ಪಿಸಿಕೊಳ್ಳೋ ಹೆಲ್ಮೆಟ್ ಅಂತ ತುಂಬ ಜನ ನಂಬಿದ್ದಾರೆ. ಹಳೇ ದಂಡಸಂಹಿತೆಯ 499ರಲ್ಲಿ, 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯ 356ರಲ್ಲೂ, ವ್ಯಂಗ್ಯವಾಗಿ ಅಥವಾ "ಇದೋ ಅದೋ" ಎಂಬ ರೂಪದಲ್ಲಿ ಹೊರಿಸಿದ ಆರೋಪವೂ ಮಾನನಷ್ಟ ಆಗಬಹುದು ಅಂತ ವಿವರಣೆ ಇದೆ. ಹಾಗಾಗಿ ಚಿಹ್ನೆ ಕಾನೂನಿಗೆ ಅಷ್ಟೇನೂ ಕೆಲಸಕ್ಕೆ ಬರಲ್ಲ. ಕೆಲಸಕ್ಕೆ ಬರೋದು ಜಾಹೀರಾತಿಗೆ. ಯೂಟ್ಯೂಬಿನಲ್ಲಿ 8 ನಿಮಿಷ ದಾಟಿದ ವೀಡಿಯೊಗೆ ನಡುವೆ ಜಾಹೀರಾತು ಹಾಕಬಹುದು, ಉತ್ತರ ಮೂರನೇ ನಿಮಿಷಕ್ಕೆ ಕೊಟ್ಟರೆ ನೋಡುಗ ಎದ್ದು ಹೋಗ್ತಾನೆ. ಪ್ರಶ್ನೆಯನ್ನ ಎಳೆಯೋದಕ್ಕೆ ಇದೂ ಒಂದು ಕಾರಣ, ಪ್ರತಿ ಸಲ ಸಿದ್ಧಾಂತ ಹುಡುಕಬೇಡಿ.

ಹಾಗಂತ ಸರ್ಕಾರವೇ "ಇದು ಸುಳ್ಳು" ಅಂತ ಮುದ್ರೆ ಒತ್ತಿದ್ರೆ ಸರಿಹೋಗುತ್ತಾ? ಕೇಂದ್ರದ ಬಗೆಗಿನ ಸುದ್ದಿಗೆ ಕೇಂದ್ರದ್ದೇ ಸತ್ಯಶೋಧನಾ ಘಟಕ ಅಂತ 2023ರಲ್ಲಿ ಐಟಿ ನಿಯಮಕ್ಕೆ ತಿದ್ದುಪಡಿ ಬಂತು. ಬಾಂಬೆ ಹೈಕೋರ್ಟಿನಲ್ಲಿ 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಭಿನ್ನವಾಯಿತು, ಮೂರನೆಯವರ ಮುಂದೆ ಹೋಗಿ ಸೆಪ್ಟೆಂಬರ್ 20ಕ್ಕೆ ಅದು ಬಿತ್ತು. ಬಿದ್ದಿದ್ದು ಒಳ್ಳೇದಾಯ್ತು ಅನ್ನೋದು ನನ್ನ ಅಭಿಪ್ರಾಯ. ಅಂಥ ಮುದ್ರೆ ಬಿದ್ದ ವೀಡಿಯೊಗೆ ಪಿತೂರಿ ಮಾರುಕಟ್ಟೆಯಲ್ಲಿ ಬೆಲೆ ಏರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಅನ್ನೋಕೆ ಇನ್ನೊಂದು ನೆಪ.

ಥಾಣೆ ಸ್ಲೋ ಲೋಕಲ್:
ಸರಿ, ಭಾನುವಾರಕ್ಕೆ ಒಂದು ಕಂತು ಆರಿಸಿದ್ದೀವಿ, 22 ನಿಮಿಷದ್ದು, ಕನ್ನಡದ್ದು. ಹನ್ನೆರಡು ಜನ ಬರ್ತಾರೆ. ಏನು ಮಾಡಿಸ್ಲಿ?

ಮಾಟುಂಗಾ ಡಿಗ್ರಿ ಕಾಫಿ:
ಮೊದಲು ಕಂತನ್ನು ಅಕ್ಷರಕ್ಕೆ ಇಳಿಸಿ. ಯೂಟ್ಯೂಬಿನ ಸ್ವಯಂ ಉಪಶೀರ್ಷಿಕೆ ಇದ್ದರೂ ಹೆಸರು, ಅಂಕಿ ತಪ್ಪು ಬೀಳ್ತದೆ, ಒಬ್ಬರು ಕೇಳುತ್ತಾ ತಿದ್ದಬೇಕು. ಮೂರು ಜನರ ನಾಲ್ಕು ಗುಂಪು ಮಾಡಿ, ಎಲ್ಲರಿಗೂ ಇಡೀ ಕಂತು ಕೊಡಬೇಡಿ, ಐದೈದೂವರೆ ನಿಮಿಷ ಹಂಚಿ. ಪ್ರತಿ ವಾಕ್ಯಕ್ಕೆ ಒಂದು ಗುರುತು: ನಡೆದದ್ದು, ಊಹೆ, ಪ್ರಶ್ನೆ. ವಾದ ಬಂದ್ರೆ ಊಹೆಗೆ ಹಾಕಿ ಮುಂದೆ ಹೋಗಿ, ಇಲ್ಲಾಂದ್ರೆ ಮೊದಲ ಪುಟದಲ್ಲೇ ಮಧ್ಯಾಹ್ನ ಆಗ್ತದೆ.

ಎಲ್ಲರೂ ಎಡವುವ ಜಾಗ "ಅಂತೆ". ಕನ್ನಡದಲ್ಲಿ ಈ ಎರಡಕ್ಷರ ಕ್ರಿಯಾಪದದ ಬಾಲಕ್ಕೆ ಅಂಟಿ ಕೂತು "ಇದು ನನ್ನ ಮಾತಲ್ಲ, ಕೇಳಿದ್ದು" ಅಂತ ಹೇಳ್ತದೆ. ಮರಾಠಿಯಲ್ಲಿ "ಮ್ಹಣೇ" ಬೇರೆಯೇ ಶಬ್ದವಾಗಿ ನಿಲ್ಲುವುದರಿಂದ ಕಿವಿಗೆ ಬೀಳ್ತದೆ, ನಮ್ಮದು ಉಸಿರಿನಲ್ಲೇ ಕರಗ್ತದೆ. ನಿರೂಪಕ ಎರಡನೇ ನಿಮಿಷದಲ್ಲಿ "ಫೈಲು ಹಿಂದೆ ಕಳಿಸಿದ್ದಾರಂತೆ" ಅಂತಾನೆ. ಒಂಬತ್ತನೇ ನಿಮಿಷಕ್ಕೆ "ಕಳಿಸಿದ್ದಾರಲ್ಲ, ಆ ಫೈಲು". ಹದಿನೈದಕ್ಕೆ "ಯಾಕೆ ಕಳಿಸಿದರು?" ನಡುವೆ ಯಾವ ಹೊಸ ಆಧಾರವೂ ಬಂದಿಲ್ಲ, "ಅಂತೆ" ಉದುರಿದೆ ಅಷ್ಟೆ. ಹಾಗಾಗಿ ಗುಂಪುಗಳು ಹಾಳೆ ಅದಲುಬದಲು ಮಾಡಿಕೊಂಡು ಒಂದೇ ಸಂಗತಿ ಮೊದಲು ಹೇಗೆ ಬಂತು, ಕೊನೆಗೆ ಹೇಗೆ ಬಂತು ಅಂತ ಕೆಂಪು ಪೆನ್ನಲ್ಲಿ ಗೆರೆ ಎಳೀಬೇಕು. ನನ್ನ ಪ್ರಕಾರ ಇಡೀ ಮಧ್ಯಾಹ್ನದಲ್ಲಿ ಇದೊಂದೇ ಮಾಡಿದರೂ ಸಾಕು.

ಕೆವಿ 400:
ಜೊತೆಗೆ ಅದೇ ಕಾರ್ಯಕ್ರಮದ ಆರು ತಿಂಗಳ ಹಿಂದಿನ ಒಂದು ಕಂತಿನ ಪ್ರಶ್ನೆಗಳನ್ನೂ ಬರೆದಿಡಿ. ಅಂದು ಕೇಳಿದ್ದಕ್ಕೆ ಆಮೇಲೆ ಉತ್ತರ ಬಂದಿದ್ದರೆ ಕಾರ್ಯಕ್ರಮ ಹೇಳಿತಾ? ತಪ್ಪಾಗಿದ್ದಾಗ ಅಷ್ಟೇ ಗಟ್ಟಿಯಾಗಿ ತಿದ್ದಿಕೊಂಡಿತಾ?

ಪುಣೆ ಪೇಟೆ ಕಟ್ಟೆ:
ಹೊಗಳೋ ಕಾರ್ಯಕ್ರಮದ ಒಂದು ಕಂತನ್ನೂ ಅದೇ ತಕ್ಕಡ್ಯಾಗ ಹಾಕ್ರಿ. ಇಲ್ಲಂದ್ರ ಸಂಶಯದವರನ್ನ ಅಷ್ಟ ತೂಗಿದಂಗ ಆಗತೈತಿ.

ಥಾಣೆ ಸ್ಲೋ ಲೋಕಲ್:
ಹಾಕ್ತೀವಿ. ಉತ್ತರ ಇಲ್ಲದೆ ಉಳಿದ ಪ್ರಶ್ನೆಗಳನ್ನ ಏನ್ ಮಾಡೋದು? ಮಾಹಿತಿ ಹಕ್ಕಲ್ಲಿ ಕೇಳಬಹುದಾ?

ಕೋರ್ಟ್ ಫೀ ಸ್ಟ್ಯಾಂಪ್:
ಕೇಳಬಹುದು. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ, 10 ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದ್ರೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ರೆ ಅಥವಾ ಒಪ್ಪಿಗೆ ಆಗದಿದ್ರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ ಆಯೋಗಕ್ಕೆ ಹೋಗಲು 90 ದಿನ. ಅರ್ಜಿ ಬೀಳೋದು ಬಹುತೇಕ "ಯಾಕೆ" ಅನ್ನೋ ಶಬ್ದದಿಂದ. ಅಧಿಕಾರಿ ಕೊಡಬೇಕಾದ್ದು ತನ್ನ ಬಳಿ ಇರೋ ದಾಖಲೆ, ಕಾರಣ ವಿವರಿಸೋದು ಅವನ ಕೆಲಸ ಅಲ್ಲ. "ಫೈಲನ್ನು ಯಾಕೆ ಹಿಂದೆ ಕಳಿಸಿದಿರಿ" ಅಂತ ಬರೀಬೇಡಿ. "ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಆ ಫೈಲಿನ ಟಿಪ್ಪಣಿ ಹಾಳೆಗಳ ಮತ್ತು ಆವಕ-ಜಾವಕ ನೋಂದಣಿಯ ದೃಢೀಕೃತ ಪ್ರತಿ ಕೊಡಿ" ಅಂತ ಬರೀರಿ. ತನಿಖೆ ನಡೀತಿರೋ ವಿಷಯ ಆದ್ರೆ ಕಲಂ 8(1)(h) ತೋರಿಸಿ ನಿರಾಕರಿಸಬಹುದು. ಅದು ನಿರಾಕರಣೆ ಅಷ್ಟೆ, ಏನೋ ಮುಚ್ಚಿಟ್ಟಿದ್ದಾರೆ ಅನ್ನೋದಕ್ಕೆ ಪುರಾವೆ ಅಂತ ಹಾಳೆಯಲ್ಲಿ ಬರೀಬೇಡಿ.

ಥಾಣೆ ಸ್ಲೋ ಲೋಕಲ್:
ಹಾಳೆಯನ್ನ ಎ4 ಅಡ್ಡಡ್ಡ ಮಾಡಿಸ್ತಿದ್ದೀನಿ. ಎಡದಿಂದ: ನಿಮಿಷ, ವಾಕ್ಯ, ಗುರುತು, "ಅಂತೆ" ಉದುರಿದ್ದು ಎಲ್ಲಿ, ಯಾವ ಕಾಗದ ಸಿಕ್ಕರೆ ಮುಗಿಯುತ್ತೆ, ಆ ಕಾಗದ ಯಾವ ಕಚೇರಿಯಲ್ಲಿದೆ. ಕೊನೇ ಎರಡು ಕಾಲಂ ಅಗಲ ಜಾಸ್ತಿ ಇಡ್ತೀನಿ.

ಮಾಟುಂಗಾ ಡಿಗ್ರಿ ಕಾಫಿ:
ಅಗಲ ಮಾಡಿ, ಆದ್ರೆ ಖಾಲಿ ಬಿಟ್ಟವರನ್ನು ಒತ್ತಾಯ ಮಾಡಬೇಡಿ. ಆ ಕಾಲಂ ಎಷ್ಟು ಸಾಲಲ್ಲಿ ಖಾಲಿ ಉಳಿಯಿತು ಅಂತ ಎಣಿಸಲಿಕ್ಕೇ ಅದು ಇರುವುದು.